ಕಳೆ ಕೀಳುವ ಕೈ

ತಂಗೀ,
ಸರೋವರದ ದಂಡೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನಿನ್ನ ಭಾವ ಸಿಡಿಮಿಡಿಗೊಂಡು ಹಿಂದಿನ ಮಣ್ಣುರಸ್ತೆ ಹಿಡಿದರು. ಅಲ್ಲಿ ನರಪಿಳ್ಳೆಯೂ ಇಲ್ಲ; ಎರಡೂ ಬದಿಗೆ ಮೊಣಕಾಲೆತ್ತರ ಕಾಡುಹೂ. ಒಂದಂತೂ ಅಂಗಿಯ ಗುಂಡಿಯಷ್ಟು ಚಿಕ್ಕದು, ಅಚ್ಚನೀಲಿ. ಮೂವತ್ತು ವರ್ಷ ಉದ್ಯಾನದಲ್ಲಿ ಕಳೆ ಕಿತ್ತ ಕೈಯಲ್ಲವೇ, ಬಗ್ಗಿ ನೇರ ಬುಡಕ್ಕೇ ಕೈಹಾಕಿದರು. ಏನನ್ನಿಸಿತೋ, ಕೀಳದೆ ಅಲ್ಲೇ ಕೂತುಬಿಟ್ಟರು.
"ಇದಕ್ಕೆ ಕಳೆ ಅಂತ ಯಾಕಂತಾರೆ ಅಂತ ಈಗ ಗೊತ್ತಾಯ್ತು ಕಣೇ. ರಸ್ತೆ ಮುಖದಲ್ಲಿ ಎಂಥಾ ಕಳೆ ನೋಡು!"
ಮಂಡಿನೋವು ಹಾಗೇ ಇದೆ, ಎಬ್ಬಿಸಲು ನಾನೇ ಕೈಕೊಡಬೇಕಾಯಿತು. ಕಾರ್ಡು ತುಂಬಿತು. ನಮ್ಮ ಅಂಗಳದ ಕಳೆ ತೆಗೆಸು ಅಂದಿದ್ದೆನಲ್ಲ, ಮುಟ್ಟಬೇಡ. ಹೂ ಬಿಡುವವರೆಗೂ ಇರಲಂತೆ.
ಅಕ್ಕ