ಹೊನ್ನಗುಂಡಿಯ ಗರಿಕೆ

ಹೊನ್ನಗುಂಡಿ
ಶಾಲಿವಾಹನ ಶಕ ೨೧೪೮, ಮಳೆ ಮುಗಿದು ಧೂಳುಗಾಲ ಹುಟ್ಟುವ ವಾರ

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ,

ನಿಮ್ಮ ಕಾಲದ ಕನ್ನಡದಲ್ಲೇ ಬರೆಯಬೇಕೆಂದು ಕುಳಿತಿದ್ದೇನೆ. ಅಲ್ಲಲ್ಲಿ ನಮ್ಮ ಪದಗಳು ನುಸುಳಿದರೆ ಮನ್ನಿಸಿ. ಮನ್ನಿಸಿ ಎಂದು ಕೇಳುವುದು ಪದಗಳ ವಿಷಯಕ್ಕೆ ಮಾತ್ರ. ನಾವು ಮಾಡಿದ ಯಾವ ಕೆಲಸಕ್ಕೂ ಅಲ್ಲ.

ನನ್ನ ಹೆಸರು ಲೂರ್ದಮ್ಮ. ಈ ಊರಿನ ಬಯಲಿಗೆ ನಾನು ಮೇಟಿ, ಅಂದರೆ ಅಲ್ಲಿ ದುಡಿಯುವವರ ಮುಂದಾಳು. ಬಯಲು ಎಂದರೆ ನೀವು ಗಾಲ್ಫ್ ಕೋರ್ಸ್ ಎನ್ನುವ ಜಾಗ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ದೊರೆಗಳು ತಮ್ಮ ಆಟಕ್ಕೆಂದು ಅದನ್ನು ಮಾಡಿಸಿದರು. ನಮ್ಮ ಪೂರ್ವಿಕರು ಆಗ ನೆಲದೊಳಗೆ ಇಳಿದು ಕಲ್ಲು ಒಡೆಯುತ್ತಿದ್ದರು. ಅವರು ಹುಲ್ಲಿನ ಮೇಲೆ ಕಾಲಿಟ್ಟರೆ ದೊರೆಗಳ ಕಾವಲಿನವರು ಅಟ್ಟಿಸಿಕೊಂಡು ಬರುತ್ತಿದ್ದರಂತೆ. ಗಣಿ ಮುಚ್ಚಿತು, ದೊರೆಗಳು ಹೋದರು. ಉಳಿದದ್ದು ಚಿನ್ನ ತೆಗೆದ ಮೇಲೆ ಸುರಿದ ಬಿಳಿ ಹುಡಿಯ ಗುಡ್ಡಗಳು, ನಾವು ಮತ್ತು ನಡುವೆ ಈ ಬಯಲು.

ಆ ಗುಡ್ಡಗಳಿಗೆ ನಾವು ಈಗಲೂ, ಚಿನ್ನ ಬಿಡಿಸಲು ಬಳಸಿದ ವಿಷದ ಹೆಸರಿನಲ್ಲಿ, ಸಯನೈಡ್ ಗುಡ್ಡ ಎಂದೇ ಹೇಳುತ್ತೇವೆ. ಪ್ರತಿ ಮಳೆಗೂ ಅವುಗಳ ಹುಡಿ ಜಾರಿ ಬಂದು ಬಯಲಿನ ಮೇಲೆ ಹರಡುತ್ತದೆ. ಗರಿಕೆ ಅದರ ಮೇಲೆ ಹಬ್ಬಿ, ಬೇರು ಇಳಿಸಿ, ಹಿಡಿದು ಕೂರುತ್ತದೆ. ಗರಿಕೆ ಸತ್ತರೆ ಮೂಡಣ ಗಾಳಿಗೆ ಹುಡಿಯೆಲ್ಲ ಎದ್ದು ನಮ್ಮ ಅಡುಗೆಗೆ, ಹಾಸಿಗೆಗೆ, ಎದೆಗೆ ಸೇರುತ್ತದೆ. ಗಾಲ್ಫ್ ಮೈದಾನ ಉಳ್ಳವರ ಸೊಕ್ಕು, ನೀರಿನ ಪೋಲು ಎಂದು ನಿಮ್ಮಲ್ಲಿ ಹಲವರು ಸಿಟ್ಟಾಗಿದ್ದರೆಂದು ಕೇಳಿದ್ದೇನೆ. ನಾನಾಗಿದ್ದರೂ ಸಿಟ್ಟಾಗುತ್ತಿದ್ದೆ. ಆದರೆ ನಮ್ಮನ್ನು ಹೊರಗಿಟ್ಟ ಆ ಹುಲ್ಲನ್ನು ನಾವೇ ವಶಮಾಡಿಕೊಂಡು ಉಸಿರಾಡಲು ಬಳಸುತ್ತಿದ್ದೇವೆ.

ಮಳೆ ನಿಂತ ಮೇಲೆ, ಗಾಳಿ ಏಳುವ ಮೊದಲು, ವರ್ಷದ ದೊಡ್ಡ ಕೆಲಸ. ಚೆಂಡು ಬೀಳಬೇಕಾದ ಗುಂಡಿಯ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲನ್ನು ನೀವು ಗ್ರೀನ್ ಎನ್ನುತ್ತೀರಿ, ನಮಗೆ ಅದು ತಟ್ಟೆ. ತಟ್ಟೆಗಳ ನಡುವಿನ ಉದ್ದನೆಯ ಹುಲ್ಲುಹಾದಿ ಓಣಿ. ಕಾಲು ತುಳಿದು, ಹುಡಿ ಕೂತು ಗಟ್ಟಿಯಾದ ನೆಲವನ್ನು ಟೊಳ್ಳು ಹಲ್ಲುಗಳ ಕಬ್ಬಿಣದಿಂದ ಚುಚ್ಚಿ, ಬೆರಳುದ್ದದ ಮಣ್ಣಿನ ತುಂಡುಗಳನ್ನು ಎತ್ತುತ್ತೇವೆ. ಆ ತೂತುಗಳಿಗೆ ಮರಳು ಉಣಿಸಿ, ಪೊರಕೆಯಿಂದ ಸವರಿ, ನೀರು ಬಿಡುತ್ತೇವೆ. ಬೋಳಾದಲ್ಲಿ ಗರಿಕೆಯ ಬಳ್ಳಿ ನೆಡುತ್ತೇವೆ. ಚೆಂಡಿಗೆ ಅಡ್ಡಿಯಾಗಲೆಂದು ತೋಡಿದ ಮರಳುಗುಂಡಿಗಳ ಅಂಚು ಕಟ್ಟುತ್ತೇವೆ, ಚರಂಡಿಯ ಹೂಳು ತೆಗೆಯುತ್ತೇವೆ. ಊರಿನ ಪ್ರತಿ ಮನೆಯಿಂದಲೂ ಒಬ್ಬರು ಮೂಗುಬಟ್ಟೆ ಕಟ್ಟಿಕೊಂಡು ಬರಲೇಬೇಕು. ಮಧ್ಯಾಹ್ನ ಮರಳುಗುಂಡಿಯೊಳಗೆ ಕೂತು ಮುದ್ದೆ ಉಣ್ಣುತ್ತಾ ಒಬ್ಬರ ಮನೆಯ ವಿಷಯ ಇನ್ನೊಬ್ಬರು ಆಡಿಕೊಳ್ಳುತ್ತೇವೆ. ಹುಲ್ಲು ಚೇತರಿಸಿಕೊಂಡ ಮೇಲೆ ಒಂದು ದಿನ ಊರಿಗೆ ಊರೇ ನೀಲಗಿರಿ ಮರದ ಕೋಲು ಹಿಡಿದು ಆಡುತ್ತದೆ. ನಮ್ಮಲ್ಲಿ ಯಾರಿಗೂ ಚೆನ್ನಾಗಿ ಆಡಲು ಬರುವುದಿಲ್ಲ. ಜಗಳ ಮಾತ್ರ ಚೆನ್ನಾಗಿ ಆಡುತ್ತೇವೆ.

ಮೂರು ವರ್ಷದ ಹಿಂದೆ, ನೆಲ ಚುಚ್ಚಿ ಇನ್ನೂ ಮರಳು ಹಾಕಿರಲಿಲ್ಲ, ಪ್ರಾಂತ್ಯದ ಕಚೇರಿಯಿಂದ ಜಯಕೀರ್ತಿ ಎಂಬ ಅಧಿಕಾರಿ ಬಂದರು. ಕೆಟ್ಟ ಮನುಷ್ಯರೇನಲ್ಲ. ಚಪ್ಪಲಿ ಕಳಚಿ ಹುಲ್ಲಿನ ಮೇಲೆ ನಡೆದು ಬಂದರು. ನಮ್ಮ ಚರಂಡಿಯ ನೀರನ್ನು ಸೋಸಿ ಬಯಲಿಗೆ ಬಿಡುವ ಕೊಳವೆಯನ್ನು ಇನ್ನು ಪಕ್ಕದ ಪಟ್ಟಣಕ್ಕೆ ತಿರುಗಿಸುತ್ತೇವೆ, ಬಯಲನ್ನು ಕೆರೆದು ಕನ್ನಡಿಹೊಲ ಮಾಡುತ್ತೇವೆ ಎಂದರು. ಕನ್ನಡಿಹೊಲವೆಂದರೆ ಬಿಸಿಲನ್ನು ಹಿಡಿದು ವಿದ್ಯುತ್ತು ಮಾಡುವ ಜಾಗ.

"ನಮ್ಮ ಗತಿ ಏನ್ ಸಾರ್?" ಎಂದು ಕೇಳಿದೆ.

"ಬೇರೆ ಕಡೆ ಮನೆ ಕೊಡ್ತೀವಮ್ಮ. ಈ ಊರು ಇನ್ನು ಉಳಿಯಲ್ಲ ಅಂತ ಮೇಲಿನವರು ತೀರ್ಮಾನ ಮಾಡಿದ್ದಾರೆ. ಅಲ್ಲಿ ಕುಡಿಯೋ ನೀರಿಗೇ ಪರದಾಡ್ತಿದ್ದಾರೆ, ನೀವು ಹುಲ್ಲಿಗೆ ಸುರೀತಿದ್ದೀರಿ. ನೀವೇ ಯೋಚನೆ ಮಾಡಿ."

ಅದಕ್ಕೆ ಉತ್ತರ ಕೊಟ್ಟವಳು ಯಲ್ಲಕ್ಕ. ನೆಲ ಸಮಮಾಡುವ ಉರುಳುಗಲ್ಲು ಎಳೆಯುವ ಗುಂಪಿನವಳು, ಒರಟು ಬಾಯಿಯವಳು, ಇದೇ ಹುಡಿಗೆ ಗಂಡನನ್ನೂ ತಮ್ಮನನ್ನೂ ಕಳೆದುಕೊಂಡವಳು.

"ನೀರು ತಕ್ಕೊಂಡೋಗಿ ಸಾರ್. ಕುಡಿಯೋರಿಗೆ ಬ್ಯಾಡ ಅನ್ನೋಕಾಯ್ತದಾ? ನೆಲ ಮಾತ್ರ ಬುಟ್ಟೋಗಿ. ಉಲ್ಲಿಗೆ ಏನ್ ಉಯ್ಬೇಕೋ ನಾವ್ ನೋಡ್ಕೊಂತೀವಿ."

ಅಂದೇ ಕೊಳವೆಗೆ ಬೀಗ ಬಿತ್ತು. ಕೆಲಸ ನಿಲ್ಲಿಸಬೇಕೆಂದು ಆದೇಶವೂ ಆಯಿತು. ಚುಚ್ಚಿ ಬಿಟ್ಟ ನೆಲ ಬಾಯಿ ತೆರೆದ ಗಾಯದ ಹಾಗೆ, ಒಣಗಿದರೆ ಬೇರು ಸಾಯುತ್ತದೆ. ಆ ಸಂಜೆ ಬೀದಿಯಲ್ಲಿ ಸೇರಿ ಮಾತಾಡಿದೆವು. ಹೊರಟುಬಿಡೋಣ ಎಂದವರೂ ಇದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಮಕ್ಕಳ ಕೆಮ್ಮು ಕೇಳಿ ಬೇಸತ್ತವರು. ಉಳಿದವರೆಲ್ಲ ಒಂದು ಮಾತಿಗೆ ಬಂದೆವು. ಚರಂಡಿಗೆ ಹೋದರೆ ತಾನೇ ಅದು ಕಚೇರಿಯ ನೀರು? ಬಚ್ಚಲಲ್ಲೇ ಹಿಡಿದರೆ ನಮ್ಮದು. ಅರ್ಧ ಹಿಡಿದು ಅರ್ಧ ಬಿಡೋಣ, ಆ ಪಟ್ಟಣಕ್ಕೂ ಸಿಗಲಿ. ಮಾರನೆಯ ಬೆಳಗಿನಿಂದ ಸ್ನಾನದ ನೀರು, ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಕೊಡಗಳಲ್ಲಿ, ಡಬ್ಬಗಳಲ್ಲಿ, ಮಡಿಸಿದ ಟಾರ್ಪಾಲಿನಲ್ಲಿ ಬಯಲಿಗೆ ನಡೆಯಿತು. ಸೋಪಿನ ವಾಸನೆಯ ಗರಿಕೆಯನ್ನು ನೀವು ನೋಡಿರಲಾರಿರಿ. ಆದೇಶವನ್ನು ಅಂಟಿಸಿದ್ದ ಹಲಗೆಯ ಎದುರಿಗೇ ಮರಳು ಹರಡಿದೆವು.

ಆಮೇಲೆ ನೆಲ ಕೆರೆಯುವ ಯಂತ್ರ ಬಂತು, ಮನೆಯಷ್ಟು ದೊಡ್ಡದು. ದೂರದ ಎರಡು ಓಣಿಗಳನ್ನು ಬೆಳಗಾಗುವಷ್ಟರಲ್ಲಿ ಸುಲಿದು ಹಾಕಿತ್ತು. ಮೂರನೆಯದಕ್ಕೆ ಬರುವಾಗ ನಾವಲ್ಲಿ ಕೆಲಸದಲ್ಲಿದ್ದೆವು. ಯಾರೂ ಘೋಷಣೆ ಕೂಗಲಿಲ್ಲ, ಅಡ್ಡ ಮಲಗಲಿಲ್ಲ. ಬಗ್ಗಿದವರು ಬಗ್ಗಿಯೇ ಬಳ್ಳಿ ನೆಡುತ್ತಿದ್ದೆವು. ಯಂತ್ರ ಹತ್ತಿರ ಹತ್ತಿರ ಬಂದು ನಿಂತಿತು. ನಾನು ಬೇಕೆಂದೇ ಬೆನ್ನು ಎತ್ತಲಿಲ್ಲ.

"ಏಳಕ್ಕ, ನಂಗೆ ಮೇಲಿಂದ ಹೇಳಿದ್ದಾರೆ," ಎಂದ ಚಾಲಕ.

ಯಲ್ಲಕ್ಕ ತಲೆಯೆತ್ತಿದಳು. "ನೀನೇ ಸುತ್ತಾಕ್ಕೊಂಡು ಓಗಪ್ಪ. ಇದು ಈಗ ನೆಟ್ಟಿರೋದು, ತುಳೀಬ್ಯಾಡ."

ಅವನು ಎಂಜಿನ್ ಆರಿಸಿ ಕೆಳಗಿಳಿದು, ನೆಟ್ಟ ಸಾಲುಗಳನ್ನು ಎಚ್ಚರದಿಂದ ದಾಟಿಕೊಂಡು ನಡೆದುಹೋದ. ಮಧ್ಯಾಹ್ನ ಪೊಲೀಸರು ಬಂದು ಯಲ್ಲಕ್ಕನನ್ನು ಕರೆದೊಯ್ದರು. ಮೇಟಿ ನಾನು, ನನ್ನನ್ನು ಹಿಡಿಯಿರಿ ಎಂದೆ. ಅಡ್ಡಿ ಮಾಡಿದವಳು ಅವಳು ಎಂದರು. ವರ್ಷಕಾಲ ಅವಳನ್ನು ಊರಿನಿಂದ ಹೊರಗಿಟ್ಟರು.

ಎಲ್ಲವನ್ನೂ ಗೆದ್ದೆವೆಂದು ಸುಳ್ಳು ಹೇಳಲಾರೆ. ಸುಲಿದ ಎರಡು ಓಣಿಗಳಲ್ಲಿ ಈಗ ಕನ್ನಡಿಗಳಿವೆ. ಆ ಧೂಳುಗಾಲದಲ್ಲಿ ಅಲ್ಲಿಂದೆದ್ದ ಹುಡಿ ಕೆಳಗಿನ ಬೀದಿಯನ್ನು ಬೆಳ್ಳಗೆ ಮಾಡಿತು. ಒಂದು ಹಸುಗೂಸು ಉಳಿಯಲಿಲ್ಲ. ಕೆಲವು ಮನೆಗಳಿಗೆ ಬೀಗ ಬಿತ್ತು. ಜಯಕೀರ್ತಿ ತಾವೇ ಆ ಬೀದಿಯಲ್ಲಿ ನಡೆದು ನೋಡಿ ಹೋದರು. ಅವರು ಮೇಲಿನವರಿಗೆ ಏನು ಬರೆದರೋ, ಯಂತ್ರ ಮತ್ತೆ ಬರಲಿಲ್ಲ, ಆದೇಶ ಮಾತ್ರ ಪ್ರತಿ ವರ್ಷ ಬರುತ್ತದೆ. ಪ್ರತಿ ವರ್ಷ ನಾವು ಅದನ್ನು ಓದಿ, ಕಬ್ಬಿಣದ ಹಲ್ಲುಗಳಿಗೆ ಎಣ್ಣೆ ಹಚ್ಚುತ್ತೇವೆ.

ಶಿಕ್ಷೆ ಮುಗಿಸಿ ಬಂದ ದಿನ ಯಲ್ಲಕ್ಕ ಮನೆಗೆ ಹೋಗಲಿಲ್ಲ. ಗಂಟು ಹೊತ್ತುಕೊಂಡೇ ಬಯಲಿಗೆ ಬಂದಳು. ನಾವೆಲ್ಲ ಓಡಿಹೋಗಿ ಸುತ್ತ ನಿಂತೆವು. ತಟ್ಟೆಯ ಮೇಲೆ ಅಂಗೈ ಒತ್ತಿ ನೋಡಿದಳು. "ಇಷ್ಟೆತ್ರ ಯಾಕ್ ಬೆಳೆಯಾಕ್ ಬುಟ್ರೇ, ಸೋಂಬೇರಿಗಳಾ?" ಎಂದು ಬೈದಳು. ಆಮೇಲೆ ಅಲ್ಲೇ ಕೂತು ಅತ್ತಳು.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟೇ. ನಿಮ್ಮ ಕಾಲದಲ್ಲಿ ಗಣಿ ಮುಚ್ಚಿದ ಊರುಗಳನ್ನು ಸತ್ತ ಊರು ಎಂದು ಬರೆಯುತ್ತಿದ್ದೀರಿ. ಪಾಳು ಗೋಡೆಯ ಚಿತ್ರ ತೆಗೆದು, ಅಯ್ಯೋ ಪಾಪ ಎಂದು ಹೊರಡುತ್ತಿದ್ದೀರಿ. ನೀವು ಸತ್ತಿತೆಂದು ಬರೆದದ್ದನ್ನೇ ನಂಬಿ, ನಿಮ್ಮ ನಂತರ ಬಂದವರು ಗುಡ್ಡಕ್ಕೆ ಹೊದಿಕೆ ಹಾಕಲಿಲ್ಲ, ತಲೆಮಾರುಗಟ್ಟಲೆ ಕೊಳವೆ ಹಾಕಲಿಲ್ಲ, ವೈದ್ಯರನ್ನು ಕಳಿಸಲಿಲ್ಲ. ಆ ಪದವನ್ನು ಹೊಡೆದುಹಾಕಿ. ಕೈಲಾದರೆ ಗುಡ್ಡದ ಬುಡಕ್ಕೆ ಈಗಲೇ ಗರಿಕೆ ನೆಡಿ, ನಿಮ್ಮ ಮೊಮ್ಮಕ್ಕಳೂ ಇಲ್ಲಿರುತ್ತಾರೆ. ಕೈಲಾಗದಿದ್ದರೆ ದೂರ ನಿಲ್ಲಿ, ನೆಟ್ಟವರನ್ನು ಎಬ್ಬಿಸಲು ಮಾತ್ರ ಬರಬೇಡಿ. ಬಂದರೂ ನಾವು ಏಳುವುದಿಲ್ಲ.

ಹೊನ್ನಗುಂಡಿಯ ಎಲ್ಲರ ಪರವಾಗಿ,
ಲೂರ್ದಮ್ಮ