ಅಜೀರ್ಣದ ಮುಂದಿನ ಪುಟ

ಮಗಾ,

ಪುಟ್ಟಿಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಿನ್ನ ಕಾರ್ಖಾನೆಗೆ ಫೋನ್ ಮಾಡಿದರೆ "ಹೇಳ್ತೀವಿ" ಅಂದರು, ಹೇಳಿದರೋ ಇಲ್ಲವೋ. ಎದುರುಮನೆ ಡ್ರೈವರ್ ಗಾಡಿ ತೆಗೆಯುತ್ತಿದ್ದಾನೆ. ನಿನ್ನ ಹೆಂಡತಿ ಕೆಲಸದಿಂದ ನೇರ ಅಲ್ಲಿಗೇ ಬರುತ್ತಾಳೆ.

ನಮ್ಮ ಮನೆಯಲ್ಲಿ ಯಾರ ಹೊಟ್ಟೆ ನೋಯಲಿ, ಮನೆವೈದ್ಯದ ಪುಸ್ತಕ ತೆರೆದುಕೊಳ್ಳುವುದು ನಿನಗೋಸ್ಕರ ಮಡಚಿಟ್ಟ ಅಜೀರ್ಣದ ಪುಟಕ್ಕೇ. ಬೆಳಿಗ್ಗೆ ನೀನು ಅದನ್ನೇ ಓದಿ, "ಬಿಸಿನೀರಿನ ಚೀಲ ಇಡಮ್ಮ, ಸಂಜೆಗೆ ಕುಣೀತಾಳೆ" ಅಂದು ಹೋದೆ. ನಾನೂ ಇಟ್ಟೆ. ಈಗ ನೋವು ಬಲಗಡೆ ಕೆಳಕ್ಕೆ ಇಳಿದಿದೆ, ಕಾಲು ಚಾಚಲು ಆಗುತ್ತಿಲ್ಲ. ಮುಂದಿನ ಪುಟ ತಿರುವಿ, ಬೆರಳಿಟ್ಟು ಓದಿದೆ. ಇಂಥ ನೋವಿಗೆ ಶಾಖ ಕೊಡಬಾರದು, ಏನೂ ತಿನ್ನಿಸಬಾರದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು ಎಂದಿದೆ.

ಚೀಲ ಕಿತ್ತೆಸೆದಿದ್ದೇನೆ, ಹಾಸಿಗೆ ಒದ್ದೆಯಾಗಿದೆ, ಹಾಗೇ ಇರಲಿ. ಬೀರುವಿನಿಂದ ಅವಳ ಸ್ವೆಟರ್ ತಾ. ತಿನ್ನಲು ಮಾತ್ರ ಏನೂ ತರಬೇಡ.

ಯಾರದು ತಪ್ಪು ಅಂತ ಅಲ್ಲಿ ಶುರು ಹಚ್ಚಬೇಡ. "ಅಪ್ಪ ಪುಸ್ತಕ ನೋಡಿದ್ರಲ್ಲ, ಮತ್ತೆ ಯಾಕಜ್ಜಿ ಕಡಿಮೆಯಾಗ್ಲಿಲ್ಲ?" ಅಂತ ಕೇಳುತ್ತಿದ್ದಾಳೆ. ನೀನೇ ಬಂದು ಅವಳ ಕೈ ಹಿಡಿದುಕೋ.

ಅಮ್ಮ