ಗೋಣಿ ಅಚ್ಚಿನ ರಸ್ತೆ

ಫೆಬ್ರವರಿ 11, ಮಂಗಳವಾರ. ಸಂಜೆ

ಪಟ್ಟಣ ಪಂಚಾಯ್ತಿ ಮೀಟಿಂಗ್ ಎಂದಿನಂತೆ ತಡ. ಎಂದಿನಂತೆ ಖಾರಾ ಬನ್ನು ಮೊದಲು ಬಂತು, ಅಜೆಂಡಾ ಆಮೇಲೆ. ನನ್ನ ವಾರ್ಡಿನ ಸಂತೆ ಏರಿನ ರಸ್ತೆ ಕೊನೆಯ ವಿಷಯ — ಯಾವಾಗಲೂ ಕೊನೆಯದೇ. ಗೆದ್ದು ಬಂದಾಗಿನಿಂದ ಇದೊಂದನ್ನೇ ಕೇಳಿದ್ದೇನೆ. ಮಳೆಗಾಲದಲ್ಲಿ ಹಳ್ಳ, ಬೇಸಿಗೆಯಲ್ಲಿ ಧೂಳು, ಆಟೋದವರು ಹೆಸರು ಕೇಳಿದರೇ ತಲೆ ಅಲ್ಲಾಡಿಸುತ್ತಾರೆ. ಇವತ್ತು ಪಾಸಾಯಿತು. ಸಿಮೆಂಟ್ ಕಾಂಕ್ರೀಟು, ಎರಡೂ ಕಡೆ ಚರಂಡಿ.

ಅಧ್ಯಕ್ಷ ಓಂಕಾರಮೂರ್ತಿ, "ಈಗಾದ್ರೂ ಸಮಾಧಾನ ಆಯ್ತಾ ಮಂಗಳಮ್ಮ?" ಎಂದರು. ಸುಮ್ಮನಿರಬಹುದಿತ್ತು. ಈ ಬಾಯಿ ಎಲ್ಲಿ ಸುಮ್ಮನಿರುತ್ತದೆ. "ರಸ್ತೆ ನೆಟ್ಟಗೆ ಬರ್ಲಿ, ಆಮೇಲೆ ಸಮಾಧಾನ. ಈ ಊರಲ್ಲಿ ರಸ್ತೆ ಬಗ್ಗೋದು ಗುಡ್ಡಕ್ಕಲ್ಲ ಅಧ್ಯಕ್ಷರೇ, ಸದಸ್ಯರ ಮನೆಗೆ" ಎಂದೆ. ಅವರ ಕಾಂಪೌಂಡಿನ ಮುಂದೆ ರಸ್ತೆ ಹೇಗೆ ಹೊಟ್ಟೆ ಒಳಗೆಳೆದುಕೊಂಡಿದೆ ಎಂದು ಊರಿಗೇ ಗೊತ್ತು. ಒಬ್ಬಿಬ್ಬರು ನಕ್ಕರು. ಕಾಫಿ ಕುಡಿಯುವಾಗ ಯಾರೂ ನನ್ನ ಪಕ್ಕ ಕೂರಲಿಲ್ಲ.

ಮನೆಗೆ ಬಂದು ಹೇಳೋಣವೆಂದರೆ ಗೋಡೆ ಮೇಲೆ ಇವರ ಫೋಟೊ. ಸರಿ, ಫೋಟೊಗೇ ಹೇಳಿದೆ. ಮಹಿಳಾ ಮೀಸಲು ಬಂದಾಗ "ಏಕಾಂತಪ್ಪನ ಹೆಂಡ್ತಿಗೆ ಮಾತು ಬರತ್ತೆ" ಅಂತ ಹಠ ಹಿಡಿದು ನನ್ನನ್ನು ನಿಲ್ಲಿಸಿದ್ದು ಇವರೇ. ಗೆದ್ದ ವರ್ಷವೇ ಹೋದರು. ಮಾತು ಬರುತ್ತದೆ, ನಿಜ. ಕೇಳುವವರು ಬೇಕಲ್ಲ.

ಫೆಬ್ರವರಿ 14, ಶುಕ್ರವಾರ

ಸಂತೆ ದಿನ. ಬೆಳಿಗ್ಗೆಯೇ ಜಗಲಿ ತೊಳೆದೆ. ಮನೆಗೆ ಸೇರಿದ ಇವರ ಅಂಗಡಿಯ ಶಟರ್ ಇವರು ಹೋದಾಗ ಎಳೆದದ್ದು, ಮತ್ತೆ ಎತ್ತಿಲ್ಲ. ಒಳಗೆ ಕಾಫಿ ತುಂಬುವ ಗೋಣಿಚೀಲಗಳ ಕಟ್ಟು ಹಾಗೇ ಇದೆ. ಮುಂದಿನ ಕಲ್ಲು ಜಗಲಿ ಮಾತ್ರ ಊರಿನದು. ಗೋಣಿಬೀಡಿನ ಬಸ್ಸು ಮೇಲಿನ ಸರ್ಕಲ್ಲಿನಿಂದ ಇಳಿದು ನಮ್ಮ ಮನೆ ಮುಂದಿನ ಅಗಲ ಜಾಗದಲ್ಲಿ ತಿರುಗುತ್ತದೆ. ಕೆಳಗೆ ರಸ್ತೆಯೇ ಇಲ್ಲ, ಬರೀ ಗುಂಡಿ. ಹಾಗಾಗಿ ಸಂತೆ ಮುಗಿಸಿ ಏರು ಹತ್ತಿ ಬಂದವರೆಲ್ಲ ನಮ್ಮ ಜಗಲಿಯಲ್ಲೇ ಕೂತು ಬಸ್ಸು ಕಾಯಬೇಕು.

ಮರಿಯಮ್ಮ ಬಂದಳು. ಗೋಣಿಬೀಡಿನ ಆಚೆ ಎಸ್ಟೇಟಿನ ಕೂಲಿ ಲೈನಿನವಳು. ಹೋದ ಮಳೆಗಾಲ ಈ ಗುಂಡಿಯಲ್ಲೇ ಕಾಲು ಉಳುಕಿಸಿಕೊಂಡವಳು. ಈಗಲೂ ಎಳೆದು ನಡೆಯುತ್ತಾಳೆ. ರಸ್ತೆ ಪಾಸಾಯಿತು ಎಂದೆ.

"ಹೌದಾ ಅಮ್ಮ? ನೀವು ಬಿಡೋ ಪೈಕಿ ಅಲ್ಲ ಬಿಡಿ" ಅಂತ ನಕ್ಕಳು. ಒಣಮೀನಿನ ಚೀಲ ನನ್ನಿಂದ ದೂರ ಇಟ್ಟು, "ನಿಮ್ಗೆ ವಾಸ್ನೆ ಆಗಲ್ಲ" ಎಂದಳು. ವಾರಾ ವಾರಾ ಇದೇ ಮಾತು. ಆಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಗಳ ಸೀಮಂತ, ಮೇಸ್ತ್ರಿಯ ಜಗಳ, ಮೆಣಸು ಕೊಯ್ಯುವಾಗ ಕಂಡ ಹಾವು. ಬಸ್ಸು ತಡವಾಗಿ ಬಂತು. ಇನ್ನೂ ತಡವಾದರೂ ಆಗುತ್ತಿತ್ತು.

ಫೆಬ್ರವರಿ 27, ಗುರುವಾರ

ಮಾರ್ಕಿಂಗಿಗೆ ಬಂದರು. ಕೆಂಪು ಪೇಂಟಿನ ಗೆರೆ ಜಗಲಿಯನ್ನು ದಾಟಿ ನೇರ ಶಟರಿನ ಬುಡಕ್ಕೆ ಹೋಯಿತು. ಅಂದರೆ ಜಗಲಿ ಪೂರ್ತಿ ರಸ್ತೆಯದು. ಚರಂಡಿಗೆ ಹೋಗುತ್ತದೆ.

ನಿಂತೇ ನೋಡಿದೆ. ಹೊಳೆದಿರಲೇ ಇಲ್ಲ ನೋಡು... ರಸ್ತೆ ಕೇಳುವಾಗ ಗುಂಡಿ ಕಂಡಿತ್ತು, ನನ್ನ ಮನೆ ಕಂಡಿರಲಿಲ್ಲ.

ಕಂಟ್ರಾಕ್ಟರ್ ಹಾಲೇಶ ಒಳ್ಳೆಯ ಹುಡುಗ. ದನಿ ತಗ್ಗಿಸಿ, "ಯೋಚ್ನೆ ಮಾಡ್ಬೇಡಿ ಮಂಗಳಮ್ಮ, ಗೆರೆನ ಸ್ವಲ್ಪ ಆ ಕಡೆ ತಳ್ತೀನಿ. ಯಾರಿಗೂ ಗೊತ್ತಾಗಲ್ಲ. ಮೆಂಬರ್ ಮನೆ ಅಲ್ವಾ" ಎಂದ.

ಆ ಕಡೆ ಎಂದರೆ ಟೈಲರ್ ರೇವತಿಯ ಮುಂಗಟ್ಟು. ಅವಳು ಮಿಷನ್ ಹಾಕಿಕೊಂಡು ಹೊಲಿಯುವ ಜಾಗ. ಬೆಳಕು ಬರುವುದೇ ಅಲ್ಲಿ. ಕತ್ತರಿ ಹಿಡಿದು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ನಾಳೆ ಹೇಳುತ್ತೇನೆ ಎಂದೆ ಹಾಲೇಶನಿಗೆ. ಇಲ್ಲ ಅನ್ನಬೇಕಿತ್ತು, ಅಲ್ಲೇ.

ಫೆಬ್ರವರಿ 28, ಶುಕ್ರವಾರ

"ನೆಟ್ಟಗೇ ಹೊಡಿ" ಎಂದು ಫೋನ್ ಮಾಡಿದೆ. ಕೂಡಲೇ ಇಟ್ಟುಬಿಟ್ಟೆ, ಮನಸ್ಸು ಬದಲಾಗುವ ಮೊದಲು.

ಸಂಜೆ ಜಗಲಿ ತುಂಬ ಜನ. ಯಾರಿಗೂ ಹೇಳಲಿಲ್ಲ. ಕಾಫಿ ಮಾಡಿ ಕೊಟ್ಟೆ ಎಲ್ಲರಿಗೂ. "ಏನಮ್ಮ ವಿಶೇಷ?" ಎಂದಳು ಮರಿಯಮ್ಮ. ಏನಿಲ್ಲ ಎಂದೆ.

ಮಾರ್ಚ್ 12, ಬುಧವಾರ

ಜೆಸಿಬಿ ಬಂತು. ಇಷ್ಟು ವರ್ಷದ ಕಲ್ಲು — ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮಾವನವರ ಕಾಲದ್ದು. ಮದುವೆಯಾಗಿ ಬಂದ ದಿನ ಒಳಗೆ ಕರೆಯುವ ಮುಂಚೆ ನನ್ನನ್ನು ಕೂರಿಸಿದ್ದು ಅದರ ಮೇಲೆಯೇ. ಅಳು ಬಂತು. ಜೆಸಿಬಿ ಡ್ರೈವರ್ ನೋಡಿದ ಅಂತ ಸೆರಗಿನಿಂದ ಧೂಳು ಒರೆಸಿಕೊಂಡಂತೆ ಮಾಡಿದೆ.

ರೇವತಿ ಬಂದು ಪಕ್ಕದಲ್ಲಿ ನಿಂತಳು. ಅಷ್ಟು ಸಾಕಿತ್ತು. ಮಿಷನ್ ಮೇಲೆ ಬಟ್ಟೆ ಬಿಟ್ಟು ಬಂದಿದ್ದಳು, ಹೋಗಬೇಕಾಯಿತು.

ಮಾರ್ಚ್ 21, ಶುಕ್ರವಾರ

ಕೆಲಸ ನಡೆಯುತ್ತಿರುವುದರಿಂದ ಬಸ್ಸು ಇಳಿಯುವುದಿಲ್ಲ. ಸರ್ಕಲ್ಲಿನಲ್ಲೇ ನಿಲ್ಲುತ್ತದೆ. ಚೀಲ ಹೊತ್ತ ಜನ ಅಗೆದ ಮಣ್ಣಿನ ಅಂಚಿನಲ್ಲಿ ಸಾಲಾಗಿ ಹತ್ತಿ ಹೋದರು. ಕಿಟಕಿಯಲ್ಲಿ ನಿಂತಿದ್ದೆ. ಮರಿಯಮ್ಮ ಕೈ ಎತ್ತಿದಳು, ಬಸ್ಸಿಗೆ ಹೊತ್ತಾಯಿತು ಎಂಬಂತೆ ತೋರಿಸಿದಳು. ನಾನೂ ಕೈ ಎತ್ತಿದೆ. ಕಾಫಿಗೆ ಜಾಸ್ತಿ ಹಾಲು ತರಿಸಿದ್ದೆ. ಹೆಪ್ಪು ಹಾಕಿದೆ.

ಏಪ್ರಿಲ್ 4, ಶುಕ್ರವಾರ. ಕತ್ತಲಾಗುವ ಹೊತ್ತು

ಸೀರೆ ಇನ್ನೂ ಒದ್ದೆ. ಆದರೂ ಬರೆಯಬೇಕು.

ಮಧ್ಯಾಹ್ನ ನಮ್ಮ ಮನೆ ಮುಂದಿನ ಕಾಂಕ್ರೀಟು ಮುಗಿಯಿತು. ಕರಣೆ ಎಳೆದು ಕನ್ನಡಿ ಹಾಗೆ ಮಾಡಿದ್ದರು. ಸಂಜೆ ಮೋಡ. ಎಸ್ಟೇಟಿನವರೆಲ್ಲ ವಾರದಿಂದ ಬಾಯಿಬಿಟ್ಟು ಕಾಯುತ್ತಿದ್ದ, ಕಾಫಿ ಹೂ ಅರಳಿಸುವ ಹೂಮಳೆ. ಇವತ್ತೇ ಬರಬೇಕಿತ್ತೇ!

ಮೊದಲ ಹನಿ ಬಿದ್ದದ್ದೇ ಮರಿಯಮ್ಮ ದಾರಿಯಿಂದಲೇ ಕೂಗಿದಳು, "ಅಯ್ಯೋ, ಮುಚ್ಚಿ! ಮುಚ್ಚಿ ಬೇಗ!" ಕಣದಲ್ಲಿ ಕಾಫಿ ಹರಡಿರುವಾಗ ಮಳೆ ಬಂದರೆ ಕೂಗುವ ಹಾಗೆಯೇ. ಆ ಕೂಗು ಕೇಳಿದರೆ ಈ ಕಡೆಯವರಿಗೆ ಯೋಚನೆ ಬರುವುದಿಲ್ಲ, ಕೈಕಾಲು ಓಡುತ್ತವೆ. ಹಾಲೇಶನ ಟಾರ್ಪಾಲು ಮೇಲಿನ ತುದಿಗೇ ಮುಗಿದುಹೋಯಿತು. ನಾನು ಶಟರ್ ಎತ್ತಿದೆ. ತುಕ್ಕು ಹಿಡಿದು ಕಿರುಚಿತು. ಇವರು ಕಟ್ಟಿಟ್ಟ ಗೋಣಿಕಟ್ಟು ಒಂದೊಂದೇ ಬಿಚ್ಚಿ ಎಸೆದೆ. ಸಂತೆಯವರು ಚೀಲ ಕೆಳಗಿಟ್ಟು ಬಂದರು. ರೇವತಿ ಬಂದಳು. "ಆ ತುದಿ ಹಿಡಿ ಮಾರಾಯ, ಎಳೀಬೇಡ, ಮೆತ್ತಗೆ!" ಅಂತ ಮರಿಯಮ್ಮ ಹಾಲೇಶನಿಗೇ ಗದರಿದಳು. ಕಂಟ್ರಾಕ್ಟರನಿಗೆ!

ಆಮೇಲೆ ಧೋ ಎಂದು ಸುರಿಯಿತು. ಎಲ್ಲರೂ ಅಂಗಡಿಯೊಳಗೆ, ಬಾಗಿಲ ತುಂಬ ಜನ, ಹಳೆ ಗೋಣಿಯ ವಾಸನೆ, ಒಣಮೀನಿನ ವಾಸನೆ. ಯಾರೋ ಯಾಕೋ ನಕ್ಕರು, ಎಲ್ಲರೂ ನಕ್ಕೆವು. ಇವರು ಹೋದ ಮೇಲೆ ಈ ಮನೆಯಲ್ಲಿ ಇಷ್ಟು ಸದ್ದು ಆಗಿರಲಿಲ್ಲ.

ಏಪ್ರಿಲ್ 5, ಶನಿವಾರ

ಬೆಳಿಗ್ಗೆ ಗೋಣಿ ಎತ್ತಿದರೆ... ಕನ್ನಡಿ ಎಲ್ಲಿ ಬಂತು. ಹಸಿ ಕಾಂಕ್ರೀಟಿನ ಮೇಲೆ ನೆನೆದ ಗೋಣಿ ಭಾರಕ್ಕೆ ಒತ್ತಿ ಕೂತು, ನೇಯ್ಗೆಯ ಎಳೆ ಎಳೆಯೂ ಅಚ್ಚು. ಚೀಲದ ಹೊಲಿಗೆ ಸಮೇತ. ನಮ್ಮ ಮನೆ ಮುಂದೆ ಅಷ್ಟಕ್ಕೂ.

ಎಂಜಿನಿಯರ್ ಗಾನಶ್ರೀ ಹಣೆ ಚಚ್ಚಿಕೊಂಡಳು. ಬಯಲುಸೀಮೆ ಕಡೆಯ ಹುಡುಗಿ. "ಹಸೀದ್ರ ಮೇಲೆ ಗೋಣಿ ಯಾರಾದ್ರೂ ಹಾಕ್ತಾರಾ ಮೇಡಂ? ಇದೇನು ಕಾಫಿನಾ?" ಎಂದಳು. ಹೌದಮ್ಮ, ಕಾಫಿ ಅಂದುಕೊಂಡೆವು, ಎಂದೆ. ನಗಲಿಲ್ಲ. ಲೋಪ ಅಂತ ಬರೆದುಕೊಂಡು ಹೋದಳು.

ಮೇ 9, ಶುಕ್ರವಾರ

ರಸ್ತೆ ಓಡಾಟಕ್ಕೆ ಬಿಟ್ಟು ಎರಡು ವಾರ. ಚೆನ್ನಾಗಿದೆ. ಆಟೋ ಬರುತ್ತದೆ, ಧೂಳಿಲ್ಲ. ಎಲ್ಲರೂ ಹೊಗಳುತ್ತಾರೆ — ನಡೆಯುತ್ತಲೇ ಹೊಗಳಿ ಹೋಗುತ್ತಾರೆ.

ಚರಂಡಿ ಬಂದಮೇಲೆ ಬಸ್ಸು ತಿರುಗಲು ಜಾಗವಿಲ್ಲ. ಸರ್ಕಲ್ಲಿನಲ್ಲೇ ಖಾಯಂ. ಅಲ್ಲಿ ಸ್ಟೀಲ್ ಬೆಂಚಿನ ತಂಗುದಾಣ. ಅದಕ್ಕೂ ನಾನೇ ಕೈ ಎತ್ತಿದ್ದೆ. ಇವತ್ತು ಸಂತೆ. ಇಡೀ ದಿನ ಯಾರೊಡನೆಯೂ ಮಾತಾಡಲಿಲ್ಲ. ಹಾಲಿನವನಿಗೆ "ಅರ್ಧ ಲೀಟರ್ ಸಾಕು" ಎಂದದ್ದು ಬಿಟ್ಟರೆ. ಬೆಳಿಗ್ಗೆ ಪೊರಕೆ ಹಿಡಿದು ಹೊರಗೆ ಬಂದೆ. ಗುಡಿಸಲು ಜಗಲಿ ಇಲ್ಲ, ಚರಂಡಿ ಚಪ್ಪಡಿ. ಅದನ್ನೇ ಗುಡಿಸಿದೆ.

ಜೂನ್ 20, ಶುಕ್ರವಾರ

ಬರೆಯದೆ ಬಹಳ ದಿನ. ಬರೆಯುವಂಥದ್ದೇನು ಇತ್ತು.

ಮಳೆ ಹಿಡಿದಿದೆ. ಇವತ್ತೊಂದು ಕಂಡೆ. ಏರು ಕಡಿದಾದದ್ದು, ಕಾಂಕ್ರೀಟು ನುಣುಪು, ಅದರ ಮೇಲೆ ಈಗಲೇ ತೆಳ್ಳಗೆ ಪಾಚಿ. ಜನ ಕಾಲಿಡಲು ಹೆದರುತ್ತಾರೆ. ಹೆದರಿದವರೆಲ್ಲ ನಮ್ಮ ಮನೆ ಹತ್ತಿರ ಬಂದದ್ದೇ ಈ ಕಡೆಗೆ ಸರಿದು ಗೋಣಿ ಅಚ್ಚಿನ ಮೇಲೆ ನಡೆಯುತ್ತಾರೆ. ಅಲ್ಲಿ ಕಾಲು ಹಿಡಿಯುತ್ತದೆ. ನನ್ನ ಕಿಟಕಿಗೆ ಒಂದು ಮೊಳ ದೂರ. ಕೆಲವರು ಕಂಬಿ ಹಿಡಿದು ಉಸಿರು ತಗೊಳ್ಳುತ್ತಾರೆ.

"ನಿಮ್ಮ ಯಜಮಾನ್ರ ಚೀಲ ಕಾಲು ಕಾಯ್ತದೆ ನೋಡಿ ಅಮ್ಮ" ಎಂದಳು ಮರಿಯಮ್ಮ ಕಂಬಿ ಹಿಡಿದು. ರೈಟರ್ ಮಗಳಿಗೆ ಗಂಡು ಮಗುವಂತೆ. ಬಸ್ಸಿಗೆ ಹೊತ್ತಾಗುವವರೆಗೂ ನಿಂತಿದ್ದಳು. ಇವತ್ತು ಊಟ ರುಚಿಸಿತು.

ಜುಲೈ 8, ಮಂಗಳವಾರ. ಸಂಜೆ

ಮೀಟಿಂಗ್. ನಮ್ಮ ರಸ್ತೆಯ ಲೋಪ ಅಜೆಂಡಾದಲ್ಲಿ. ಗಾನಶ್ರೀ ಎದ್ದು ನಿಂತು ಹೇಳಿದಳು — ಅಚ್ಚು ಬಿದ್ದ ಭಾಗ ಹಾಗೇ ಇರಲಿ, ಉಳಿದ ಏರೇ ಜಾರುತ್ತಿದೆ, ಮಷಿನ್ ತಂದು ಇಡೀ ಏರಿಗೆ ಅಡ್ಡ ಗೀರು ಹಾಕಿಸೋಣ, ಹಾಲೇಶನ ಗುತ್ತಿಗೆಯಲ್ಲೇ ಬರುತ್ತದೆ. ವಾರ್ಡ್ ಮೆಂಬರ್ ಒಪ್ಪಿದರೆ ಸಾಕು.

ಎಲ್ಲರೂ ನನ್ನ ಕಡೆ ತಿರುಗಿದರು.

ಸರಿಯಾದ ಮಾತು. ಒಪ್ಪಬೇಕಾದ ಮಾತು. ಕಣ್ಣಿಗೆ ಬಂದದ್ದು ಮಾತ್ರ ನನ್ನ ಕಿಟಕಿಯ ಕಂಬಿ, ಕಂಬಿ ಹಿಡಿದ ಕೈಗಳು. ಎಲ್ಲ ಕಡೆ ಕಾಲು ಹಿಡಿದರೆ ಈ ಕಡೆಗೆ ಯಾರು ಸರಿಯುತ್ತಾರೆ? "ಮಳೆ ಮುಗೀಲಿ, ಆಮೇಲೆ ನೋಡಣ" ಎಂದೆ. ಓಂಕಾರಮೂರ್ತಿ, "ಮೆಂಬರ್ ಹೇಳಿದ ಮೇಲೆ ಮುಗೀತು, ಮುಂದೂಡಿ" ಎಂದರು. ಯಾರಿಗೂ ಏನೂ ಅನುಮಾನ ಬರಲಿಲ್ಲ. ಮಂಗಳಮ್ಮ ನೆಟ್ಟಗಿನವಳು ಅಂತ ಹೆಸರಲ್ಲವೇ.

ರಸ್ತೆ ನೆಟ್ಟಗೇ ಇದೆ. ನನಗೋಸ್ಕರ ಬಗ್ಗಿಸಿದ್ದು ಇವತ್ತು. ಇವರ ಫೋಟೊ ಕಡೆ ನೋಡಲಿಲ್ಲ.

ಜುಲೈ 11, ಶುಕ್ರವಾರ

ಕೆಳಗಿನ ತಿರುವಿನಲ್ಲಿ ರೇವತಿ ಜಾರಿದಳು. ಬ್ಲೌಸುಗಳ ಗಂಟು ಹಿಡಿದಿದ್ದಳಂತೆ, ಅದು ಒದ್ದೆಯಾಗದಿರಲಿ ಅಂತ ಬಿಡಲಿಲ್ಲ. ಬಲ ಮಣಿಕಟ್ಟು ಮುರಿದಿದೆ. ಹೊಲಿಯುವ ಕೈ.

ಆಸ್ಪತ್ರೆಗೆ ಹೋದೆ. "ನನ್ನ ಅಜಾಗ್ರತೆ ಅಕ್ಕ, ನೀವ್ಯಾಕೆ ಅಳ್ತೀರಿ" ಅಂದಳು. ಹೇಳಿಬಿಡಬೇಕು ಎನಿಸಿತು. ಅವಳ ಹೊದಿಕೆ ಸರಿಮಾಡಿ ಎದ್ದು ಬಂದೆ. ಮಾತು ಬರುವವಳಂತೆ!

ಜುಲೈ 12, ಶನಿವಾರ

ಬೆಳಿಗ್ಗೆಯೇ ಓಂಕಾರಮೂರ್ತಿ ಮನೆಗೆ ಹೋದೆ. ಗೀರು ಕೂಡಲೇ ಹಾಕಿಸಿ, ನಾನು ಬರೆದುಕೊಡುತ್ತೇನೆ ಎಂದೆ. "ಮೊನ್ನೆ ತಾನೇ ನೀವೇ ಬೇಡ ಅಂದ್ರಿ?" ಎಂದರು. ತಪ್ಪು ಹೇಳಿದೆ, ಸ್ವಂತಕ್ಕೆ ಹೇಳಿದೆ ಎಂದೆ. ಅರ್ಥವಾಗಲಿಲ್ಲ ಅವರಿಗೆ. ಆದರೂ ಕಾಫಿ ತರಿಸಿದರು. ಅವರ ಮನೆ ಮುಂದೆ ಬಗ್ಗಿದ ರಸ್ತೆ ನೋಡುತ್ತ ಕುಡಿದೆ.

ರೇವತಿಗೂ ಹೇಳಿದೆ, ಸಂಜೆ. ಎಲ್ಲ. ಎಡಗೈಯಿಂದ ಪಟ್ಟಿಯ ಅಂಚು ಎಳೆದುಕೊಂಡಳು. "ಹೋಗಿ ಅಕ್ಕ ಈಗ" ಎಂದಳು.

ಜುಲೈ 26, ಶನಿವಾರ

ಮಳೆ ಬಿಟ್ಟ ಎರಡು ದಿನದಲ್ಲಿ ಗೀರು ಮುಗಿಯಿತು. ಮಷಿನ್ ಹಲ್ಲು ಕಡಿದಂತೆ ಸದ್ದು. ಈಗ ಜನ ಎಲ್ಲಿ ಬೇಕಾದರೂ ನಡೆಯುತ್ತಾರೆ. ರಸ್ತೆ ನಡುವೆ, ಆ ಅಂಚು, ಈ ಅಂಚು... ಮಕ್ಕಳು ಓಡುತ್ತವೆ. ನೋಡಿ ಸಂತೋಷವೇ ಆಯಿತು. ಸಂಕಟವೂ.

ಆಗಸ್ಟ್ 1, ಶುಕ್ರವಾರ. ಸಂಜೆ

ಶಟರಿಗೆ ಎಣ್ಣೆ ಹಾಕಿದೆ. ಎತ್ತಿ ಕಟ್ಟಿದೆ. ಉಳಿದ ಗೋಣಿಗಳನ್ನು ಮಡಚಿ ಒಳಗೆ ಗೋಡೆಯುದ್ದಕ್ಕೂ ಹಾಕಿದ್ದೇನೆ. ಅರ್ಧ ಏರು ಹತ್ತಿದವರಿಗೆ ಉಸಿರು ಕಟ್ಟುವುದು ಇಲ್ಲೇ. ಕೂತರೆ ಕೂರಲಿ. ಹಾಲು ಎರಡು ಲೀಟರ್ ಹೇಳಿದೆ, ಹಾಲಿನವನು ಮುಖ ನೋಡಿದ.

ಜನ ಹೋಗುತ್ತಿದ್ದಾರೆ. ಒಬ್ಬರು ಇಣುಕಿ, ಅಂಗಡಿ ಶುರುವಾಯಿತೇ ಅಂದುಕೊಂಡು ಹೋದರು. ಎದುರು ರೇವತಿ ಬಾಗಿಲು ಹಾಕಿದೆ. ಮರಿಯಮ್ಮ ಇನ್ನೂ ಬಂದಿಲ್ಲ, ಅಥವಾ ಆ ಅಂಚಿನಲ್ಲಿ ಹೋಗಿಬಿಟ್ಟಳೋ. ಮಳೆ ಮತ್ತೆ ಹಿಡಿಯಿತು. ಬಸ್ಸಿನ ಹೊತ್ತಾಯಿತು. ಒಳಗೆ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ, ಕಾಯುತ್ತಿಲ್ಲ ಅನ್ನಿಸಿಕೊಳ್ಳಲು.

ಛತ್ರಿ ಮಡಚಿದ ಸದ್ದು. ಹೊರಗಲ್ಲ — ಅಂಗಡಿಯೊಳಗೆ. ಒಂದು ಕೈಯಲ್ಲಿ ಕಷ್ಟಪಟ್ಟು ಮಡಚುತ್ತಿರುವ ಹಾಗೆ, ನಿಧಾನ... "ಅಕ್ಕ, ಕಾಫಿ ಇದ್ಯಾ?" ಅಂತ. ಎದ್ದು ಹಾಲು —